ತೌಡಿನೊಡನೆ ಹೋದ ಸತ್ವ: ಭಾರತದ ಅನ್ನ ಮತ್ತು 'ಬಿ' ಜೀವಸತ್ವಗಳ ಶೋಧನೆಯ ಚರಿತ್ರೆ

ವಿಟಮಿನ್ ಎಂಬ ಶಬ್ದಕ್ಕೆ ಕನ್ನಡದಲ್ಲಿ 'ಜೀವಸತ್ವ', 'ಅನ್ನಾಂಗ' ಎಂಬ ಎರಡು ಪದಗಳು ರೂಢಿಗೆ ಬಂದವು. ಮೊದಲನೆಯದು ಇಂದಿಗೂ ಪ್ರಚಾರದಲ್ಲಿದೆ. ಎರಡನೆಯದು ಹಳೆಯ ಪಠ್ಯಪುಸ್ತಕಗಳೊಡನೆ ಬಹುಮಟ್ಟಿಗೆ ಹಿಂದೆ ಸರಿದಿದೆ. ಆದರೆ 'ಬಿ' ಗುಂಪಿನ ಮಟ್ಟಿಗೆ ಅನ್ನಾಂಗವೆಂಬ ಪದವೇ ಹೆಚ್ಚು ಅರ್ಥಪೂರ್ಣವೆಂದು ತೋರುತ್ತದೆ. ಏಕೆಂದರೆ ಈ ಗುಂಪಿನ ಶೋಧನೆಯ ಚರಿತ್ರೆ ಆರಂಭವಾಗುವುದೇ ಅನ್ನದಿಂದ. ಭತ್ತದ ಕಾಳಿಗೆ ಅಂಟಿದ ತೌಡು ಯಾವಾಗ, ಯಾರ ಕೈಯಲ್ಲಿ, ಎಷ್ಟು ಕಳಚಿಹೋಯಿತು ಎಂಬ ಪ್ರಶ್ನೆಯಿಂದ.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಯೋಗಾಲಯಗಳ ಚರಿತ್ರೆಯಾಗಿ ಬರೆಯಲಾಗಿದೆ. ಯಾರು ಯಾವ ಹರಳನ್ನು ಯಾವ ವರ್ಷ ಬೇರ್ಪಡಿಸಿದರು, ಯಾರಿಗೆ ನೊಬೆಲ್ ಪುರಸ್ಕಾರ ಸಂದಿತು ಎಂಬ ಪಟ್ಟಿ ಅಲ್ಲಿ ಮುಖ್ಯವಾಗುತ್ತದೆ. ಅಂತಹ ಪಟ್ಟಿಯಲ್ಲಿ ಭಾರತಕ್ಕೆ ಸಿಗುವ ಸ್ಥಾನ ಚಿಕ್ಕದು. ಆದರೆ ಕೂನೂರು, ಮುಂಬಯಿ, ಹೈದರಾಬಾದು, ಮೈಸೂರುಗಳಲ್ಲಿ ನಡೆದ ಕೆಲಸವನ್ನು ಜನರ ಊಟದ ಜೊತೆಯಲ್ಲಿಟ್ಟು ನೋಡಿದರೆ ಬೇರೊಂದು ಚಿತ್ರ ಮೂಡುತ್ತದೆ. ರೋಗದ ಕಾರಣ ತಿಳಿಯುವುದಕ್ಕೂ ರೋಗ ನಿಲ್ಲುವುದಕ್ಕೂ ನಡುವೆ ಇರುವ ಅಂತರ ಅದರಲ್ಲಿ ಎದ್ದು ಕಾಣುತ್ತದೆ. ಆ ಅಂತರವೇ ಈ ಲೇಖನದ ವಿಷಯ.

ಬೆರಿಬೆರಿ: ಮೂರು ತಪ್ಪು ವಿವರಣೆಗಳು

ಮೊದಲಿಗೆ ಭಾರತದ ಹೊರಗಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಕ್ಕಿ ಉಣ್ಣುವ ಏಷ್ಯಾದ ನೌಕಾಪಡೆ, ಸೈನ್ಯ, ಸೆರೆಮನೆ, ತೋಟಗಳಲ್ಲಿ ಬೆರಿಬೆರಿ ಭಯಂಕರವಾಗಿ ಹಬ್ಬಿತ್ತು. ಕಾಲು ಭಾರವಾಗುವುದು, ಪಾದಗಳಲ್ಲಿ ಜುಮುಗುಟ್ಟುವಿಕೆ, ಮೀನಖಂಡವನ್ನು ಒತ್ತಿದರೆ ನೋವು, ಕುಕ್ಕರಗಾಲಿನಲ್ಲಿ ಕುಳಿತವನಿಗೆ ಮತ್ತೆ ಏಳಲಾಗದಿರುವುದು ಇದರ ಮೊದಲ ಚಿಹ್ನೆಗಳು. ಕೆಲವರಲ್ಲಿ ನರಗಳು ಕ್ಷೀಣಿಸಿ ಕಾಲು ಒಣಗುತ್ತಿತ್ತು. ಇನ್ನು ಕೆಲವರಲ್ಲಿ ಮೈ ಬಾತು, ಉಸಿರು ಕಟ್ಟಿ, ಹೃದಯ ಸೋತು ಸಾವು ಬರುತ್ತಿತ್ತು. ಇವು ಎರಡು ಬೇರೆ ರೋಗಗಳೋ ಒಂದೇ ರೋಗದ ಎರಡು ಮುಖಗಳೋ ಎಂಬ ಚರ್ಚೆಯೂ ಆ ಕಾಲದಲ್ಲಿ ನಡೆದಿತ್ತು.

ಜಪಾನಿನ ನೌಕಾಪಡೆಯ ವೈದ್ಯ ಟಾಕಾಕಿ ಕಾನೆಹಿರೊ ಊಟದ ಕಡೆಗೆ ಬೆರಳು ತೋರಿದವರಲ್ಲಿ ಮೊದಲಿಗ. 1882–83ರಲ್ಲಿ ದೀರ್ಘಯಾನ ಮುಗಿಸಿದ 'ರ್‍ಯೂಜೊ' ಎಂಬ ತರಬೇತಿ ಹಡಗಿನಲ್ಲಿ 169 ಮಂದಿಗೆ ಬೆರಿಬೆರಿ ತಗುಲಿ 25 ಮಂದಿ ಸತ್ತಿದ್ದರು. 1884ರಲ್ಲಿ ಅದೇ ದಾರಿಯಲ್ಲಿ ಹೊರಟ 'ತ್ಸುಕುಬಾ' ಹಡಗಿನಲ್ಲಿ ಅಕ್ಕಿಯನ್ನು ಕಡಿಮೆ ಮಾಡಿ ಮಾಂಸ, ಗೋಧಿ, ಬಾರ್ಲಿ, ಹಾಲುಗಳನ್ನು ಸೇರಿಸಲಾಯಿತು. ರೋಗಿಗಳ ಸಂಖ್ಯೆ ಹತ್ತು ಹದಿನೈದರ ಆಸುಪಾಸಿಗೆ ಇಳಿಯಿತು, ಯಾರೂ ಸಾಯಲಿಲ್ಲ. ಟಾಕಾಕಿ ಕೊಟ್ಟ ವಿವರಣೆ ಮಾತ್ರ ಸರಿಯಾಗಿರಲಿಲ್ಲ: ಊಟದಲ್ಲಿ ಪ್ರೋಟೀನಿನ ಕೊರತೆಯೇ ಕಾರಣವೆಂದು ಆತ ನಂಬಿದ್ದ. ವಿವರಣೆ ದುರ್ಬಲವಾಗಿದ್ದುದರಿಂದಲೇ ಜಪಾನಿನ ಭೂಸೇನೆ ಆತನ ಮಾತನ್ನು ತಳ್ಳಿಹಾಕಿತು. 1904–05ರ ರಷ್ಯಾ ಯುದ್ಧದಲ್ಲಿ ಆ ಸೇನೆಯ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ಸೈನಿಕರು ಬೆರಿಬೆರಿಯಿಂದಲೇ ಮಡಿದರು.

ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತಾದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಕಂಡ ಕೋಳಿಗಳ ಕಥೆ ಪ್ರಸಿದ್ಧವಾದುದು. ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ತಿಂದ ಕೋಳಿಗಳು ಕುಂಟುತ್ತಿದ್ದವು. ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನ ನಾಗರಿಕ ಕೋಳಿಗಳಿಗೆ ಸಲ್ಲದೆಂದು ಹಟ ಹಿಡಿದ ಮೇಲೆ ಅಗ್ಗದ ಅಕ್ಕಿ ತಿಂದು ಅವೇ ಕೋಳಿಗಳು ಚೇತರಿಸಿಕೊಂಡವು. ಐಕ್‌ಮನ್‌ನನ್ನು ಜೀವಸತ್ವದ ಶೋಧಕನೆಂದು ಕರೆಯುವ ಪುಸ್ತಕಗಳು ಒಂದು ಸಂಗತಿಯನ್ನು ಮರೆಯುತ್ತವೆ: ಪಿಷ್ಟದಲ್ಲಿ ವಿಷವೊಂದು ಇದೆ, ತೌಡಿನಲ್ಲಿ ಅದಕ್ಕೆ ಪ್ರತಿವಿಷವಿದೆ ಎಂಬುದು ಆತನ ಮೊದಲ ತೀರ್ಮಾನವಾಗಿತ್ತು. ಕೊರತೆಯೇ ರೋಗವೆಂಬ ಮಾತನ್ನು 1901ರಲ್ಲಿ ಸ್ಪಷ್ಟವಾಗಿ ಆಡಿದವನು ಆತನ ಸ್ಥಾನಕ್ಕೆ ಬಂದ ಗೆರಿಟ್ ಗ್ರಿನ್ಸ್. 1929ರ ನೊಬೆಲ್ ಪುರಸ್ಕಾರದಲ್ಲಿ ಗ್ರಿನ್ಸ್‌ಗೆ ಪಾಲಿರಲಿಲ್ಲ.

ಇವರಿಬ್ಬರ ನಡುವೆ ಜಾವಾದ ಸೆರೆಮನೆಗಳ ವೈದ್ಯಾಧಿಕಾರಿ ವೋರ್ಡರ್‌ಮನ್ ನಡೆಸಿದ ಸಮೀಕ್ಷೆ ನನ್ನ ದೃಷ್ಟಿಯಲ್ಲಿ ಕೋಳಿಗಳಿಗಿಂತಲೂ ಮುಖ್ಯವಾದುದು. ನೂರು ಸೆರೆಮನೆಗಳ, ಸುಮಾರು 2,80,000 ಕೈದಿಗಳ ಊಟವನ್ನು ಆತ ಪರಿಶೀಲಿಸಿದ. ಬಿಳಿ ಅಕ್ಕಿ ಉಣ್ಣುವ ಕೈದಿಗಳಲ್ಲಿ 39ಕ್ಕೆ ಒಬ್ಬನಿಗೆ ಬೆರಿಬೆರಿ. ತೌಡು ಸಹಿತ ಅಕ್ಕಿ ಉಣ್ಣುವವರಲ್ಲಿ 10,000ಕ್ಕೆ ಒಬ್ಬನಿಗೆ. ಸೂಕ್ಷ್ಮದರ್ಶಕವಿಲ್ಲದೆ, ಊಟದ ತಟ್ಟೆಯನ್ನು ನೋಡಿಯೇ ಸಿಕ್ಕ ಸಾಕ್ಷ್ಯವಿದು. ಕಾಸಿಮಿರ್ ಫಂಕ್ 1912ರಲ್ಲಿ 'ವಿಟಮಿನ್' ಎಂಬ ಹೆಸರನ್ನು ಸೂಚಿಸಿದಾಗ ಆ ವಸ್ತುವನ್ನು ಶುದ್ಧರೂಪದಲ್ಲಿ ಯಾರೂ ಕಂಡಿರಲಿಲ್ಲ. ಯಾನ್ಸನ್ ಮತ್ತು ಡೊನಾಥ್ ಅದರ ಹರಳನ್ನು ತೌಡಿನಿಂದ ತೆಗೆದುದು 1926ರಲ್ಲಿ, ಅದೂ ಬಟೇವಿಯಾದಲ್ಲಿಯೇ.

ಕೂನೂರಿನ ಪಾರಿವಾಳಗಳು

ಭಾರತದಲ್ಲಿ ಈ ಸಂಶೋಧನೆಗೆ ನೆಲೆ ಒದಗಿದುದು ನೀಲಗಿರಿಯ ಕೂನೂರಿನಲ್ಲಿ. ಇಂಡಿಯನ್ ಮೆಡಿಕಲ್ ಸರ್ವೀಸಿನ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ 'ಬೆರಿಬೆರಿ ವಿಚಾರಣೆ'ಯನ್ನು ಕೈಗೊಂಡರು. ಈ ಚಿಕ್ಕ ವಿಚಾರಣೆಯೇ ಮುಂದೆ ಕೊರತೆಯ ರೋಗಗಳ ವಿಚಾರಣೆಯಾಗಿ, 1920ರ ದಶಕದ ಕೊನೆಗೆ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ ಬೆಳೆಯಿತು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ಮೆಕ್‌ಕ್ಯಾರಿಸನ್ ಮತ್ತು ನಾರಿಸ್ 1924ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ, ಏಕ್ರಾಯ್ಡ್ ಮತ್ತು ಸಂಗಡಿಗರು 1940ರಲ್ಲಿ ಹೊರತಂದ ಭಾರತದ ಅಕ್ಕಿಯ ಸಮಸ್ಯೆಯ ಕುರಿತ ಗ್ರಂಥದಲ್ಲಿಯೂ ಒಂದು ಒಗಟು ಚರ್ಚೆಗೆ ಬರುತ್ತದೆ. ಮದರಾಸು ಪ್ರಾಂತದ ತುಂಬ ಜನ ಅಕ್ಕಿಯನ್ನೇ ಉಣ್ಣುತ್ತಿದ್ದರು. ಹೀಗಿದ್ದೂ ಬೆರಿಬೆರಿ ಬೇರೂರಿದ್ದುದು ಉತ್ತರದ ಸರ್ಕಾರ್ ಜಿಲ್ಲೆಗಳಲ್ಲಿ, ಎಂದರೆ ಇಂದಿನ ಆಂಧ್ರ ಕರಾವಳಿಯಲ್ಲಿ ಮಾತ್ರ. ಉತ್ತರವಿದ್ದುದು ಭತ್ತವನ್ನು ಹದಗೊಳಿಸುವ ವಿಧಾನದಲ್ಲಿ. ಸರ್ಕಾರ್ ಸೀಮೆಯವರು ಬೇಯಿಸದ ಭತ್ತವನ್ನು ಗಿರಣಿಗೆ ಹಾಕಿಸಿದ ಬಿಳಿ ಅಕ್ಕಿಯನ್ನು ಉಣ್ಣುತ್ತಿದ್ದರು. ಮಲಬಾರಿನಲ್ಲಿಯೂ ತಮಿಳುನಾಡಿನ ಬಹುಭಾಗದಲ್ಲಿಯೂ ಕುಚ್ಚಲಕ್ಕಿ ಬಳಕೆಯಲ್ಲಿತ್ತು.

ನಮ್ಮ ಕರಾವಳಿಯವರಿಗೆ ಕುಚ್ಚಲಕ್ಕಿಯ ಕ್ರಮವನ್ನು ವಿವರಿಸಬೇಕಾಗಿಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟುತ್ತಾರೆ. ಹೀಗೆ ಮಾಡಿದಾಗ ತೌಡಿನ ಪದರದಲ್ಲಿಯೂ ಮೊಳಕೆಯ ಭಾಗದಲ್ಲಿಯೂ ಇರುವ, ನೀರಿನಲ್ಲಿ ಕರಗುವ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಕಾಳು ಗಟ್ಟಿಯಾಗುವುದರಿಂದ ನುಚ್ಚೂ ಕಡಿಮೆ. ಆಮೇಲೆ ಗಿರಣಿ ತೌಡನ್ನು ಎಷ್ಟೇ ಸವರಿದರೂ ಸತ್ವ ಪೂರ್ತಿಯಾಗಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಗೆ ಈ ರಕ್ಷಣೆಯಿಲ್ಲ. ಅದು ಒನಕೆಯ ಪೆಟ್ಟಿಗೆ ಸಿಕ್ಕುವವರೆಗೆ ತೌಡು ಅಷ್ಟಿಷ್ಟು ಉಳಿಯುತ್ತಿತ್ತು. ಗಿರಣಿಗೆ ಹೋದ ಮೇಲೆ ಉಳಿಯಲಿಲ್ಲ. ತೊಳೆದ ನೀರಿನಲ್ಲಿ ಒಂದಷ್ಟು, ಬಸಿದ ಗಂಜಿಯಲ್ಲಿ ಇನ್ನೊಂದಷ್ಟು ನಷ್ಟವಾಗುತ್ತಿತ್ತು. ಆ ಗಂಜಿತಿಳಿಯನ್ನು ಮನೆಯ ಎಮ್ಮೆಗೆ ಹಾಕುವ ಪದ್ಧತಿಯೂ ಇತ್ತೆಂಬುದನ್ನು ನೆನೆದರೆ ಮನೆಯವರಿಗಿಂತ ಎಮ್ಮೆಯೇ ಚೆನ್ನಾಗಿ ಉಂಡಿತೆನ್ನಬೇಕು.

ಗಾಂಧೀಜಿ 1934ರ ಡಿಸೆಂಬರಿನಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ಕೈಯಿಂದ ಕುಟ್ಟಿದ ಅಕ್ಕಿ ಅದರ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. 'ಹರಿಜನ' ಪತ್ರಿಕೆಯಲ್ಲಿ ಈ ಕುರಿತು ಬರಹಗಳು ಬಂದವು. ಅಲ್ಲಿ ಪೋಷಣೆಯ ವಾದ ಮತ್ತು ಹಳ್ಳಿಯ ದುಡಿಮೆಯ ವಾದ ಒಂದಾಗಿ ಸೇರಿದವು. ಆದರೆ ಒನಕೆ ಹಿಡಿದವರು ಹೆಂಗಸರು, ಗಿರಣಿ ಅವರ ರಟ್ಟೆಯ ನೋವನ್ನೂ ಇಳಿಸಿತು ಎಂಬ ಅಂಶಕ್ಕೆ ಈ ಚರ್ಚೆಗಳಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲವೆಂಬುದು ನನ್ನ ಅಭಿಪ್ರಾಯ. ಗಿರಣಿಯನ್ನು ಬಿಡಿ ಎಂಬ ಉಪದೇಶ ಫಲಿಸದಿರಲು ಇದೂ ಒಂದು ಕಾರಣವಾಗಿರಬೇಕು. ಕುಚ್ಚಲಕ್ಕಿಯ ದಾರಿ ಗಿರಣಿಯೊಡನೆಯೇ ಹೊಂದಿಕೊಳ್ಳಬಲ್ಲದಾಗಿತ್ತು. ಆದರೆ ಎರಡು ಮೂರು ದಿನ ತಣ್ಣೀರಿನಲ್ಲಿ ನೆನೆಸಿದ ಭತ್ತ ಹುಳಿತು ನಾರುತ್ತಿತ್ತು. ಬೆಳ್ತಿಗೆ ಉಂಡು ರೂಢಿಯಾದವರಿಗೆ ಆ ವಾಸನೆ ಹಿಡಿಸದು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಬಿಸಿನೀರಿನಲ್ಲಿ ಕೆಲವೇ ಗಂಟೆ ನೆನೆಸುವ ಕ್ರಮವನ್ನು ರೂಪಿಸಿ ಈ ತೊಡಕನ್ನು ನಿವಾರಿಸಿತು. ದೇಶದ ಅಕ್ಕಿ ಗಿರಣಿಗಳಲ್ಲಿ ಹಬ್ಬಿದ ಈ ಕ್ರಮ ಕನ್ನಡ ನಾಡಿನ ಪ್ರಯೋಗಾಲಯವೊಂದರ ಕೊಡುಗೆಯೆಂಬುದನ್ನು ಇಲ್ಲಿ ದಾಖಲಿಸಬೇಕು.

ಥಯಾಮಿನ್ ಇಲ್ಲದಿದ್ದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್. ಕುತ್ತಿಗೆ ಹಿಂದಕ್ಕೆ ಸೆಟೆದು ಬಿದ್ದ ಪಾರಿವಾಳಗಳ ಮಿದುಳಿನಲ್ಲಿ ಸಕ್ಕರೆ ಅರ್ಧ ದಾರಿಯವರೆಗೆ ಉರಿದು ನಿಂತುಬಿಡುತ್ತದೆ ಎಂದು 1930ರ ದಶಕದಲ್ಲಿ ಅವರು ಕಂಡರು. ಆ ಮಿದುಳಿನ ಅಂಗಾಂಶಕ್ಕೆ ಗಾಜಿನ ಪಾತ್ರೆಯಲ್ಲಿಯೇ ಥಯಾಮಿನ್ ಬೆರೆಸಿದರೆ ಅದು ಮತ್ತೆ ಆಮ್ಲಜನಕವನ್ನು ಹೀರತೊಡಗುತ್ತಿತ್ತು. ಲೋಹ್‌ಮನ್ ಮತ್ತು ಶುಸ್ಟರ್ 1937ರಲ್ಲಿ ಇದರ ರಾಸಾಯನಿಕ ಕಾರಣವನ್ನು ಬಿಡಿಸಿದರು. ಥಯಾಮಿನ್ ಎರಡು ಫಾಸ್ಫೇಟುಗಳೊಡನೆ ಕೂಡಿ ಸಹಕಿಣ್ವವಾಗುತ್ತದೆ. ಪಿಷ್ಟದಿಂದ ಬಂದ ಪೈರುವಿಕ್ ಆಮ್ಲ ಮುಂದಿನ ದಹನಕ್ಕೆ ಸಾಗಬೇಕಾದರೆ ಈ ಸಹಕಿಣ್ವ ಬೇಕೇಬೇಕು. ಇದು ತಿಳಿದ ಮೇಲೆ ಹಳೆಯ ಗೊಂದಲಗಳು ತಾವಾಗಿ ಬಿಡಿಸಿಕೊಂಡವು. ಸಕ್ಕರೆಯನ್ನು ಬಿಡುವಿಲ್ಲದೆ ಉರಿಸುವ ನರ ಮತ್ತು ನಿರಂತರ ದುಡಿಯುವ ಹೃದಯ ಮೊದಲು ಸೋಲುತ್ತವೆ. ಅನ್ನ ಹೆಚ್ಚಾದಷ್ಟೂ ಥಯಾಮಿನ್ನಿನ ಅಗತ್ಯ ಹೆಚ್ಚು. ದೇಹದಲ್ಲಿ ಇದರ ದಾಸ್ತಾನು ಮೂವತ್ತು ಮಿಲಿಗ್ರಾಂನಷ್ಟು ಮಾತ್ರ. ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದಲೇ ಆರೋಗ್ಯವಾಗಿ ಹೊರಟ ನಾವಿಕರು ಒಂದೇ ಯಾನದಲ್ಲಿ ಹಾಸಿಗೆ ಹಿಡಿಯುತ್ತಿದ್ದರು.

ಥಯಾಮಿನ್ನಿನ ರಚನೆಯನ್ನು ಬಿಡಿಸಿ 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ರಸಾಯನಶಾಸ್ತ್ರಜ್ಞ ರಾಬರ್ಟ್ ವಿಲಿಯಮ್ಸ್ ಹುಟ್ಟಿದುದು ನೆಲ್ಲೂರಿನಲ್ಲಿ, 1886ರಲ್ಲಿ, ಮಿಷನರಿ ದಂಪತಿಗಳ ಮಗನಾಗಿ. ಬೆರಿಬೆರಿಯ ಆಂಧ್ರ ಕರಾವಳಿಯ ಅಂಚಿನಲ್ಲಿಯೇ ಆತ ಜನಿಸಿದುದು ಆಕಸ್ಮಿಕವಾದರೂ ನೆನಪಿಡತಕ್ಕದ್ದು.

ಕೂನೂರಿನಲ್ಲಿ ಬೆರಿಬೆರಿಯೊಂದೇ ಅಧ್ಯಯನದ ವಿಷಯವಾಗಿರಲಿಲ್ಲ. ಕಟಬಾಯಿ ಬಿರಿದು, ನಾಲಗೆ ಕೆಂಪೇರಿ ನೋಯುವ ಮಕ್ಕಳನ್ನು ಪರೀಕ್ಷಿಸಿ ಅದು 'ಬಿ2' ಗುಂಪಿನ ಕೊರತೆಯೆಂದು ಏಕ್ರಾಯ್ಡ್ ಮತ್ತು ಕೃಷ್ಣನ್ 1936ರಲ್ಲಿ ಬರೆದರು. ಹಾಲು ಕಾಣದ ಮಕ್ಕಳ ಬಾಯಿಯ ಮೂಲೆಯಲ್ಲಿ ರೈಬೊಫ್ಲೇವಿನ್ನಿನ ಅಭಾವವನ್ನು ಇಂದಿಗೂ ಓದಬಹುದು. ನಮ್ಮಲ್ಲಿ 'ಅಂಗಾಲು ಉರಿ' ಎನ್ನುವ ಬಾಧೆಯನ್ನು ಸಿ. ಗೋಪಾಲನ್ 1946ರಲ್ಲಿ ಶಾಸ್ತ್ರೀಯವಾಗಿ ವಿವರಿಸಿ ಪ್ಯಾಂಟೊಥೆನಿಕ್ ಆಮ್ಲದಿಂದ ಅದು ಶಮನವಾಗುವುದನ್ನು ತೋರಿಸಿದರು.

ಬಸುರಿಯರ ರಕ್ತ, ಜೋಳದ ಸೀಮೆಯ ಚರ್ಮ

ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. ಬಡ ಬಸುರಿಯರು ಒಂದು ಬಗೆಯ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರ ಕೆಂಪುಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಹಾಫ್‌ಕಿನ್ ಸಂಸ್ಥೆಯಲ್ಲಿಯೂ ಕೂನೂರಿನಲ್ಲಿಯೂ ಕೆಲಸ ಮಾಡಿದ ವಿಲ್ಸ್ ಸೋಂಕಿನ ಸಾಧ್ಯತೆಯನ್ನು ತಳ್ಳಿಹಾಕಿ ಈ ಹೆಂಗಸರ ಊಟವನ್ನು ಅಭ್ಯಸಿಸಿದರು. ಅದೇ ಊಟವನ್ನು ಇಲಿಗಳಿಗೂ, ಆಮೇಲೆ ಕೋತಿಗಳಿಗೂ ಉಣಿಸಿ ನೋಡಿದರು. ಬ್ರೂವರಿಯ ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯ ಕೊಟ್ಟಾಗ ರಕ್ತ ಆಶ್ಚರ್ಯಕರವಾಗಿ ಸುಧಾರಿಸಿತು. 1931ರಲ್ಲಿ ಇದನ್ನು ಪ್ರಕಟಿಸಿದಾಗ ಆ ಲೇಹ್ಯದಲ್ಲಿ ಏನಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಬಹುಕಾಲ ಅದಕ್ಕೆ 'ವಿಲ್ಸ್ ಅಂಶ' ಎಂದೇ ಹೆಸರಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಟ್ಟು ಫೋಲಿಕ್ ಆಮ್ಲವೆಂಬ ಹೆಸರು ಪಡೆದ ವಸ್ತು ಇದೇ. ಅದರ ಕೃತಕ ತಯಾರಿಕೆಯನ್ನು 1945ರಲ್ಲಿ ಸಾಧಿಸಿದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ತಂಡಕ್ಕೆ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ನಾಯಕರಾಗಿದ್ದರು. ಮದರಾಸಿನಲ್ಲಿ ಓದುವಾಗ ಸ್ವತಃ ಸ್ಪ್ರೂ ಎಂಬ ಕರುಳಿನ ರೋಗದಿಂದ ನರಳಿದವರು ಅವರು. ಆ ರೋಗದಲ್ಲಿ ದೇಹಕ್ಕೆ ದಕ್ಕದೆ ಹೋಗುವ ಸತ್ವಗಳಲ್ಲಿ ಇದೇ ಫೋಲಿಕ್ ಆಮ್ಲ ಮುಖ್ಯವಾದುದು.

ಜೀವಕೋಶ ಒಡೆದು ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ಇಮ್ಮಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಬಿಡಿ ಇಂಗಾಲದ ತುಣುಕುಗಳನ್ನು ಹೊತ್ತು ತರುವುದು ಫೋಲಿಕ್ ಆಮ್ಲದ ಕೆಲಸ. ಅದಿಲ್ಲದಿದ್ದರೆ ಅಸ್ಥಿಮಜ್ಜೆಯ ಕೋಶಗಳು ಬೆಳೆಯುತ್ತವೆ, ಒಡೆಯುವುದಿಲ್ಲ. ದೊಡ್ಡ ಕಣಗಳ ರಹಸ್ಯವಿದು. 'ಬಿ12' ಕಡಿಮೆಯಾದರೂ ರಕ್ತದಲ್ಲಿ ಇದೇ ಚಿತ್ರ ಕಾಣುತ್ತದೆ. ಏಕೆಂದರೆ ದೇಹದಲ್ಲಿರುವ ಫೋಲಿಕ್ ಆಮ್ಲವನ್ನು ಬಳಕೆಗೆ ಬಿಡಿಸಿಕೊಡುವುದು 'ಬಿ12'. ಆದರೆ ಅದರ ಅಭಾವದಲ್ಲಿ ನರಗಳ ಹೊದಿಕೆಯೂ ಕೆಡುತ್ತದೆ: ಪಾದ ಮರಗಟ್ಟುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಮಸುಕಾಗುತ್ತದೆ. ಅಂತಹ ರೋಗಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸರಿಹೋಗಿ ವೈದ್ಯ ಸಮಾಧಾನಪಡುತ್ತಾನೆ, ನರಗಳು ಮಾತ್ರ ಮೌನವಾಗಿ ಹಾಳಾಗುತ್ತವೆ. 1940ರ ದಶಕದ ಕೊನೆಯಲ್ಲಿ ಕಲಿತ ಈ ಪಾಠ ನಮ್ಮ ಸಸ್ಯಾಹಾರಿ ಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. 'ಬಿ12' ಅನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ಸಸ್ಯಗಳಲ್ಲಿ ಅದಿಲ್ಲ. ಹಾಲು, ಮೊಸರು, ಮಜ್ಜಿಗೆಗಳೇ ಇಲ್ಲಿ ಆಧಾರ. ಮನುಷ್ಯರ ಸಣ್ಣಕರುಳಿನ ಕೆಲವು ಬ್ಯಾಕ್ಟೀರಿಯಾಗಳೂ ಇದನ್ನು ತಯಾರಿಸಬಲ್ಲವೆಂದು ವೆಲ್ಲೂರಿನ ಆಲ್ಬರ್ಟ್, ಮಾಥನ್ ಮತ್ತು ಬೇಕರ್ 1980ರಲ್ಲಿ ತೋರಿಸಿದರು. ಅದನ್ನು ನೆಚ್ಚಿ ನಿಶ್ಚಿಂತರಾಗಿರುವಂತಿಲ್ಲ.

ಅಕ್ಕಿಯ ಸೀಮೆಗೆ ಬೆರಿಬೆರಿಯಾದರೆ ಮುಸುಕಿನ ಜೋಳದ ಸೀಮೆಗೆ ಪೆಲಾಗ್ರ. ಬಿಸಿಲು ಬಿದ್ದ ಕೈ, ಪಾದ, ಕುತ್ತಿಗೆಗಳಲ್ಲಿ ಚರ್ಮ ಕಪ್ಪಾಗಿ ಸುಲಿಯುವುದು, ಬಿಡದ ಭೇದಿ, ಕೊನೆಗೆ ಬುದ್ಧಿಭ್ರಮೆ ಇದರ ಲಕ್ಷಣಗಳು. ಸ್ಪೇನಿನ ಗಾಸ್ಪರ್ ಕಸಾಲ್ 1735ರಲ್ಲಿಯೇ ಇದನ್ನು ಗುರುತಿಸಿದ್ದ. ಇದು ಅಂಟುರೋಗವಲ್ಲ, ಊಟದ ರೋಗವೆಂದು ಅಮೆರಿಕದ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ವಾದಿಸಿದರು. ಅದು ನಯಾಸಿನ್ ಕೊರತೆಯೆಂಬುದು 1937ರಲ್ಲಿ ಎಲ್ವೆಹ್ಯೆಮ್ ಪ್ರಯೋಗದಿಂದ ಖಚಿತವಾಯಿತು. ಆಹಾರದಿಂದ ಶಕ್ತಿ ಬಿಡುಗಡೆಯಾಗುವ ನೂರಾರು ಕ್ರಿಯೆಗಳಿಗೆ ಬೇಕಾದ ಸಹಕಿಣ್ವ ನಯಾಸಿನ್‌ನಿಂದಲೇ ಆಗುತ್ತದೆ. ದೇಹ ಇದನ್ನು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದಲೂ ತಯಾರಿಸಿಕೊಳ್ಳುತ್ತದೆ, ಸುಮಾರು ಅರವತ್ತು ಮಿಲಿಗ್ರಾಂಗೆ ಒಂದು ಮಿಲಿಗ್ರಾಂನಂತೆ. ಮುಸುಕಿನ ಜೋಳದಲ್ಲಿ ಎರಡಕ್ಕೂ ಬರ.

ಹೈದರಾಬಾದಿನ ಆಸ್ಪತ್ರೆಗಳಿಗೆ ಬರುತ್ತಿದ್ದ ಪೆಲಾಗ್ರ ರೋಗಿಗಳು ಮಾತ್ರ ಮುಸುಕಿನ ಜೋಳ ಉಂಡವರಲ್ಲ. ದಖ್ಖನಿನ ಬಿಳಿಜೋಳ ಉಂಡವರು. ಜೋಳದಲ್ಲಿ ಟ್ರಿಪ್ಟೊಫ್ಯಾನ್ ಅಷ್ಟು ಕಡಿಮೆಯಿಲ್ಲ. ಗೋಪಾಲನ್ ಮತ್ತು ಶ್ರೀಕಾಂತಯ್ಯ 1960ರಲ್ಲಿ ಹೊಸ ವಾದವನ್ನು ಮುಂದಿಟ್ಟರು: ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ನಯಾಸಿನ್ ತಯಾರಿಕೆಯನ್ನು ಕೆಡಿಸುತ್ತದೆ. ಬೇರೆಡೆಯ ಕೆಲವು ಪ್ರಯೋಗಗಳಲ್ಲಿ ಅದೇ ಫಲ ಬರಲಿಲ್ಲ. ವಿವಾದ ಪೂರ್ತಿಯಾಗಿ ಬಗೆಹರಿಯಲಿಲ್ಲ. ಇದರಿಂದ ಜೋಳದ ರೊಟ್ಟಿಯೇ ದೋಷಿಯೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಅದೇ ದಖ್ಖನಿನ ಭಾಗವಾದ ಕಲಬುರಗಿ, ರಾಯಚೂರು, ವಿಜಯಪುರದ ಊಟದಲ್ಲಿ ರೊಟ್ಟಿಯ ಪಕ್ಕ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆಗಳಿರುತ್ತವೆ. ಶೇಂಗಾದಲ್ಲಿ ನಯಾಸಿನ್ ಧಾರಾಳ. ರೊಟ್ಟಿಯ ಪಕ್ಕ ಬರೀ ಖಾರ ಉಳಿದ ತಟ್ಟೆಯೇ ಅಪಾಯದ ತಟ್ಟೆ.

ಬಾಣಂತಿಯ ತಟ್ಟೆ

ವಯಸ್ಕರ ಬೆರಿಬೆರಿ ಅಪರೂಪವಾದುದರಿಂದ ಥಯಾಮಿನ್ನಿನ ಅಧ್ಯಾಯ ಮುಗಿಯಿತೆಂದು ನಮ್ಮ ಪಠ್ಯಪುಸ್ತಕಗಳು ಭಾವಿಸಿದವು. ಆಹಾರ ಬಲವರ್ಧನೆಯ ಕುರಿತ 2018ರ ನಿಯಮಾವಳಿಯಲ್ಲಿ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, 'ಬಿ12' ಸೇರಿಸುವುದನ್ನು ವಿಧಿಸಲಾಯಿತು. ಥಯಾಮಿನ್ನನ್ನು ಬೇಕಾದರೆ ಸೇರಿಸಬಹುದಾದ ಪಟ್ಟಿಗೆ ಬಿಡಲಾಯಿತು. ಗಿರಣಿ ತೆಗೆದುಹಾಕುವ ಸತ್ವವನ್ನೇ ಐಚ್ಛಿಕವಾಗಿಸಿದ ಈ ಆಯ್ಕೆ ಚರಿತ್ರೆಯನ್ನು ಬಲ್ಲವರಿಗೆ ವಿಚಿತ್ರವೆನಿಸದಿರದು.

ಶಿಶು ಬೆರಿಬೆರಿಯ ವರ್ಣನೆ ಇಪ್ಪತ್ತನೆಯ ಶತಮಾನದ ಆರಂಭದ ಫಿಲಿಪ್ಪೀನ್ಸಿನ ವರದಿಗಳಷ್ಟು ಹಳೆಯದು. ಎರಡು ಮೂರು ತಿಂಗಳಿನ, ಎದೆಹಾಲನ್ನಷ್ಟೇ ಕುಡಿಯುವ, ನೋಡಲು ದುಂಡಗಿರುವ ಮಗು ಒಮ್ಮೆಲೇ ಹಾಲು ಬಿಡುತ್ತದೆ. ಅಳುವಾಗ ಧ್ವನಿ ಹೊರಡದು. ಉಸಿರು ಏರಿ ಗಂಟೆಗಳೊಳಗೆ ಹೃದಯ ಸೋಲುತ್ತದೆ. ತಾಯಿಯ ದೇಹದಲ್ಲಿ ಥಯಾಮಿನ್ ಇಲ್ಲದಿದ್ದರೆ ಹಾಲಿನಲ್ಲಿಯೂ ಇಲ್ಲ. ತಾಯಿಗೆ ಮಾತ್ರ ಕಾಲು ಜುಮುಗುಟ್ಟುವುದಕ್ಕಿಂತ ಹೆಚ್ಚಿನ ಬಾಧೆ ಇರದಿರಬಹುದು.

ಬೆಂಗಳೂರಿನ ಶಿಶುಹೃದ್ರೋಗ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂತಹದೇ ಮಕ್ಕಳನ್ನು ಕುರಿತದ್ದು. ಶ್ವಾಸಕೋಶದ ರಕ್ತನಾಳಗಳ ಒತ್ತಡ ಅಪಾಯದ ಮಟ್ಟಕ್ಕೇರಿ ಬಂದ ಈ ಶಿಶುಗಳೆಲ್ಲ ಎದೆಹಾಲನ್ನೇ ನೆಚ್ಚಿದವು. ಥಯಾಮಿನ್ ಚುಚ್ಚುಮದ್ದು ಕೊಟ್ಟ ಮೇಲೆ ಹೆಚ್ಚಿನವು ಬೇಗನೆ ಚೇತರಿಸಿಕೊಂಡವು. ತಾಯಂದಿರ ಊಟವನ್ನು ವಿಚಾರಿಸಿದಾಗ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ಮತ್ತು ಹೆರಿಗೆಯ ನಂತರದ ಪಥ್ಯ ಕಾಣಿಸಿಕೊಂಡವು. ಬೇಳೆ ವಾಯು, ಸೊಪ್ಪು ಶೀತ, ಕಾಳು ಮಗುವಿಗೆ ಹೊಟ್ಟೆನುಲಿ ಎಂದು ಒಂದೊಂದನ್ನೇ ಬಿಡಿಸುವ ನಮ್ಮ ಬಾಣಂತಿ ಪಥ್ಯದಲ್ಲಿ ಕೊನೆಗೆ ಉಳಿಯುವುದು ತೊಳೆದು ಬಸಿದ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು. ಪಥ್ಯದ ಉದ್ದೇಶ ಮಗುವಿನ ರಕ್ಷಣೆಯೇ ಎಂಬುದರಲ್ಲಿ ಸಂದೇಹವಿಲ್ಲ. ಒನಕೆಯಲ್ಲಿ ಕುಟ್ಟಿದ ಅಕ್ಕಿಯ ಕಾಲದಲ್ಲಿ ಅದೇ ಪಥ್ಯ ಇಷ್ಟು ಹಾನಿ ಮಾಡಿರಲಾರದು. ಅನ್ನ ಬದಲಾಯಿತು, ಪಥ್ಯ ಹಾಗೆಯೇ ಉಳಿಯಿತು. ವೋರ್ಡರ್‌ಮನ್ ಜಾವಾದ ಸೆರೆಮನೆಗಳಲ್ಲಿ ಕೇಳಿದ ಪ್ರಶ್ನೆಯನ್ನು ಈ ವೈದ್ಯರು ಆಸ್ಪತ್ರೆಯ ತುರ್ತುವಿಭಾಗದಲ್ಲಿ, ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಕೇಳಿದರು: ಯಾವ ಅಕ್ಕಿ ಉಣ್ಣುತ್ತೀರಿ, ಅದರ ಜೊತೆ ಏನು?